ಹಳೇ ಸಾಮಾನಿನಿಂದ ಆಟಿಕೆಗೆ ಹೊಸ ರೂಪ: ಅಂಟು ಬಿಡದ ಹಾಗೆ, ಬಣ್ಣ ಏಳದ ಹಾಗೆ ಮಾಡುವುದು ಹೇಗೆ?

"ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡಿದೆ, ಆದರೂ ಅಂಟು ಬಿಟ್ಟುಹೋಯಿತು." "ಬಣ್ಣ ಹಚ್ಚಿ ವಾರವಾಯಿತು, ಇನ್ನೂ ಕೈಗೆ ಅಂಟುತ್ತದೆ." ಕಾರವಾರ, ಅಂಕೋಲಾ, ಕುಮಟಾ ಕಡೆಯ ಓದುಗರು ಕೇಳುವ ಪ್ರಶ್ನೆಗಳಲ್ಲಿ ಇವೆರಡೇ ಜಾಸ್ತಿ. ಜಾತ್ರೆಯಲ್ಲಿ ತಂದ ಬೋಟು, ಲಾರಿ, ಗೊಂಬೆಗಳನ್ನು ಮಕ್ಕಳು ಕೆಲವೇ ದಿನದಲ್ಲಿ ಮೂಲೆಗೆ ಹಾಕುತ್ತಾರೆ. ಅದನ್ನೇ ಮನೆಯ ಹಳೇ ಸಾಮಾನು ಸೇರಿಸಿ ಹೊಸದು ಮಾಡಿಕೊಡೋಣ ಅಂತ ಅಪ್ಪ ಅಮ್ಮ ಕೂರುತ್ತಾರೆ. ಆಲೋಚನೆ ಒಳ್ಳೆಯದೇ. ಕೆಡುವುದು ಎರಡು ಕಡೆ. ಒಂದು, ಕೈಯಲ್ಲಿರುವುದು ಯಾವ ಪ್ಲಾಸ್ಟಿಕ್ ಅಂತ ನೋಡದೆ ಅಂಟು ಹಾಕುವುದು. ಇನ್ನೊಂದು, ನಮ್ಮ ಕರಾವಳಿಯ ಹವೆ. ಒಣ ಹವೆಯ ಊರಿನಲ್ಲಿ ಅರ್ಧ ಗಂಟೆಗೆ ಒಣಗುವ ಬಣ್ಣ ಇಲ್ಲಿ ಜುಲೈ ತಿಂಗಳಲ್ಲಿ ಒಂದು ದಿನ ಕೇಳುತ್ತದೆ.

ಇಲ್ಲಿ ಒಂದೇ ಆಟಿಕೆಯನ್ನು ಮೊದಲಿಂದ ಕೊನೆವರೆಗೆ ಹೇಳುತ್ತೇನೆ. ನೀರಿನಲ್ಲಿ ತೇಲುವ ಸಾದಾ ಪ್ಲಾಸ್ಟಿಕ್ ಬೋಟನ್ನು ನಮ್ಮ ಬಂದರಿನ ಮೀನುಗಾರಿಕೆ ಬೋಟಿನ ಹಾಗೆ ಮಾಡುವುದು. ಇದನ್ನು ಆರಿಸಿದ್ದಕ್ಕೆ ಕಾರಣವಿದೆ. ನೀರು, ಉಪ್ಪು, ಬಿಸಿಲು ಮೂರನ್ನೂ ತಡೆಯಬೇಕಾದ ಆಟಿಕೆ ಇದು. ಇದನ್ನು ಸರಿಯಾಗಿ ಮಾಡಲು ಬಂದರೆ ಲಾರಿ, ಬಸ್ಸು, ಗೊಂಬೆಮನೆ ಎಲ್ಲವೂ ಸುಲಭ. ಕೊನೆಯಲ್ಲಿ ಗೊಂಬೆಗೆ ಯಕ್ಷಗಾನದ ವೇಷ ತೊಡಿಸುವುದನ್ನೂ ಹೇಳುತ್ತೇನೆ.

ಶುರು ಮಾಡುವ ಮೊದಲು: ಮಗುವಿಗೆ ಎಷ್ಟು ವಯಸ್ಸು?

3 ವರ್ಷದೊಳಗಿನ ಮಗುವಿನ ಆಟಿಕೆಗೆ ಸಣ್ಣ ಸಾಮಾನು ಏನನ್ನೂ ಅಂಟಿಸಬೇಡಿ. ಮಣಿ, ಗುಂಡಿ, ವಾಷರ್, ಬಾಟಲಿ ಮುಚ್ಚಳ ಯಾವುದೂ ಬೇಡ. ಆಟಿಕೆ ಪರೀಕ್ಷೆಗೆ 31.7 ಮಿ.ಮೀ. ಒಳ ಅಗಲದ ಒಂದು ಸಣ್ಣ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಕೂರುವ ತುಂಡು ಪುಟ್ಟ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. 10 ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ಅಂದರೆ ಆ ನಾಣ್ಯದಷ್ಟಿರುವ, ಅದಕ್ಕಿಂತ ಸ್ವಲ್ಪ ದೊಡ್ಡದಿರುವ ಸಾಮಾನು ಕೂಡ ಅಪಾಯವೇ.

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಅಂಗಡಿಯಿಂದ ಬಂದ ಸ್ಥಿತಿಯಲ್ಲಿರುವ ಆಟಿಕೆಗೆ ಮಾತ್ರ ಆ ಮುದ್ರೆ ಸಲ್ಲುತ್ತದೆ. ನೀವು ಸೇರಿಸಿದ ಪ್ರತಿ ತುಂಡಿಗೂ ನೀವೇ ಜವಾಬ್ದಾರರು. ಮನೆಯಲ್ಲಿ ದೊಡ್ಡ ಮಗುವಿನ ಜೊತೆ ಪುಟ್ಟ ತಮ್ಮನೋ ತಂಗಿಯೋ ಇದ್ದರೆ, ಪುಟ್ಟ ಮಗುವಿನ ಲೆಕ್ಕದಲ್ಲೇ ಮಾಡಿ. ಆಟಿಕೆ ದೊಡ್ಡವನ ಕೈಯಲ್ಲೇ ಉಳಿಯುತ್ತದೆ ಅನ್ನುವ ನಂಬಿಕೆ ಬೇಡ.

ಏನೇನು ಬೇಕು?

ಸುಮಾರು 25 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಬೋಟು. ಅವಧಿ ಮುಗಿದ ಎಟಿಎಂ ಕಾರ್ಡು ಅಥವಾ ಅಂಥದ್ದೇ ಗಟ್ಟಿ ಕಾರ್ಡು 3. ಬೆಳ್ಳುಳ್ಳಿ ತುಂಬಿ ಬರುವ ಬಲೆ ಚೀಲ. ನಲ್ಲಿಯ ಹಳೇ ಕಪ್ಪು ರಬ್ಬರ್ ವಾಷರ್‌ಗಳು. ಹರಿದ ಕೊಡೆಯ ಬಟ್ಟೆ. ನಮ್ಮ ಕಡೆ ಹರಿದ ಕೊಡೆಗೆ ಬರವಿಲ್ಲ, ಅಲ್ವಾ? ಹಿಡಿಕಡ್ಡಿ, ಅಂದರೆ ಪೊರಕೆ ಕಡ್ಡಿ ಎರಡು, ಗಟ್ಟಿ ನೂಲು, ಹಳೇ ವೈರಿನೊಳಗಿನ ತಾಮ್ರದ ತಂತಿ.

ಅಂಗಡಿಯಿಂದ ತರಬೇಕಾದದ್ದು ಸ್ವಲ್ಪವೇ: ಫೆವಿಕ್ವಿಕ್, ಎಂ-ಸೀಲ್ (ಎರಡು ಉಂಡೆ ಬೆರೆಸಿ ನಾದುವ ಅಂಟು), 220 ಮತ್ತು 400 ನಂಬರಿನ ಪಾಲಿಶ್ ಪೇಪರ್, ನಾಲ್ಕು ಬಣ್ಣದ ಅಕ್ರಿಲಿಕ್, ಸಣ್ಣ ಡಬ್ಬಿ ಅಕ್ರಿಲಿಕ್ ಪ್ರೈಮರ್, ಅಕ್ರಿಲಿಕ್ ವಾರ್ನಿಶ್. ಅಕ್ರಿಲಿಕ್ ಅಂದರೆ ಹಸಿ ಇರುವಾಗ ನೀರಿನಲ್ಲಿ ತೊಳೆಯಬಹುದಾದ, ಒಣಗಿದ ಮೇಲೆ ನೀರಿಗೆ ಕರಗದ ಬಣ್ಣ. ಪಾಲಿಶ್ ಪೇಪರಿನಲ್ಲಿ ನಂಬರ್ ದೊಡ್ಡದಾದಷ್ಟೂ ಉಜ್ಜುವುದು ನಯ.

ಮನೆಯಲ್ಲಿ ಉಳಿದ ಗೇಟಿನ ಬಣ್ಣ, ಕಿಟಕಿಯ ಬಣ್ಣ ಬಳಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು, ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅಟ್ಟದ ಮೇಲಿನ ಡಬ್ಬಿ ಅದಕ್ಕಿಂತ ಹಳೆಯದಾಗಿರಬಹುದು. ಸೀಸ ಮಕ್ಕಳ ಮೆದುಳಿಗೆ ಮಾಡುವ ಹಾನಿ ಮರಳಿ ಸರಿಯಾಗುವಂಥದ್ದಲ್ಲ.

1. ಯಾವ ಪ್ಲಾಸ್ಟಿಕ್ ಅಂತ ಪತ್ತೆ ಮಾಡಿ

ಈ ಹಂತವನ್ನು ಎಲ್ಲರೂ ಬಿಡುತ್ತಾರೆ. ಅಂಟು ಬಿಡುವುದಕ್ಕೆ ಮುಕ್ಕಾಲು ಪಾಲು ಕಾರಣ ಇಲ್ಲಿಯೇ ಇದೆ.

ಬೋಟನ್ನು ಮಗುಚಿ ನೋಡಿ. ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರಬಹುದು. 2 ಅಥವಾ 4 ಇದ್ದರೆ ಪಾಲಿಥಿನ್ ಜಾತಿ. 5 ಇದ್ದರೆ ಪಾಲಿಪ್ರೊಪಿಲಿನ್. ಇವೆರಡನ್ನೂ ಮುಟ್ಟಿದರೆ ಸ್ವಲ್ಪ ಮೇಣ ಸವರಿದ ಹಾಗಿರುತ್ತದೆ. ಬಕೆಟ್, ಶಾಂಪೂ ಬಾಟಲಿ, ತಿಂಡಿ ಡಬ್ಬಿ ಎಲ್ಲ ಈ ಜಾತಿಯವೇ. ಇವುಗಳ ಮೇಲೆ ಸಾಮಾನ್ಯ ಅಂಟು ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. 6 ಇದ್ದರೆ ಪಾಲಿಸ್ಟೈರಿನ್. ಹಳೇ ಸಿಡಿ ಡಬ್ಬಿ ಇದರದ್ದೇ. ಗಟ್ಟಿಯಾದ, ಬಡಿದರೆ ಟಕ್ ಟಕ್ ಅನ್ನುವ ಒಳ್ಳೆಯ ಆಟಿಕೆಗಳು ಹೆಚ್ಚಾಗಿ ಎಬಿಎಸ್ ಅನ್ನುವ ಪ್ಲಾಸ್ಟಿಕ್ಕಿನವು. ಈ ಎರಡರ ಮೇಲೆ ಅಂಟು, ಬಣ್ಣ ಚೆನ್ನಾಗಿ ಕೂರುತ್ತವೆ.

ಅಂಕಿ ಇಲ್ಲದಿದ್ದರೆ? ಕಾಣದ ಜಾಗದಿಂದ ಉಗುರಿನ ತುದಿಯಷ್ಟು ಚೂರು ಕೆರೆದು ತೆಗೆಯಿರಿ. ಲೋಟದಲ್ಲಿ ನಲ್ಲಿ ನೀರು ತುಂಬಿ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಚೂರನ್ನು ಕಡ್ಡಿಯಿಂದ ಒತ್ತಿ ಮುಳುಗಿಸಿ, ಅಂಟಿದ ಗಾಳಿಗುಳ್ಳೆ ಬಿಡಿಸಿ ಕೈ ತೆಗೆಯಿರಿ. ಮೇಲೆ ತೇಲಿದರೆ ಪಾಲಿಥಿನ್ ಅಥವಾ ಪಾಲಿಪ್ರೊಪಿಲಿನ್. ತಳ ಸೇರಿದರೆ ಎಬಿಎಸ್, ಪಾಲಿಸ್ಟೈರಿನ್ ಅಥವಾ ಪಿವಿಸಿ. ಇಡೀ ಬೋಟು ತೇಲುವುದನ್ನು ನೋಡಿ ತೀರ್ಮಾನಿಸಬೇಡಿ, ಒಳಗೆ ಗಾಳಿ ಇರುವ ಬೋಟು ಯಾವ ಪ್ಲಾಸ್ಟಿಕ್ಕಿನದಾದರೂ ತೇಲುತ್ತದೆ.

ಚೂರು ತೇಲಿತು ಅಂತ ಆಟಿಕೆಯನ್ನು ಎಸೆಯಬೇಕಿಲ್ಲ. ಅಂಟಿಸುವ ಬದಲು ಕಟ್ಟಿ, ಹೊಲಿಯಿರಿ. ಬೋಟಿನ ಮೇಲ್ಭಾಗದಲ್ಲಿ, ನೀರು ಮುಟ್ಟದ ಎತ್ತರದಲ್ಲಿ, ಕಾಯಿಸಿದ ದಬ್ಬಳದಿಂದ ತೂತು ಮಾಡಿ, ತಾಮ್ರದ ತಂತಿಯಿಂದ ಬಿಗಿಯಿರಿ. ಈ ಕೆಲಸ ದೊಡ್ಡವರದು. ಕಿಟಕಿ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ. ಬಣ್ಣಕ್ಕೆ ಬದಲು ಬಣ್ಣದ ಬಟ್ಟೆ, ಬಣ್ಣದ ನೂಲು ಬಳಸಿ. ಕಬ್ಬಿಣದ ತಂತಿ, ಸ್ಟೇಪ್ಲರ್ ಪಿನ್ ಬೇಡವೇ ಬೇಡ. ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿದು ತುದಿ ಮೊನೆಯಾಗುತ್ತದೆ.

2. ತೊಳೆದು, ಉಜ್ಜಿ, ಮತ್ತೆ ತೊಳೆಯಿರಿ

ಹೊಸ ಆಟಿಕೆಯ ಮೇಲೂ ಎಣ್ಣೆಯ ಪಸೆ ಇರಬಹುದು. ಕಾರ್ಖಾನೆಯಲ್ಲಿ ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಸವರಿದ್ದು ಅದು. ಸಮುದ್ರದ ದಂಡೆಯಲ್ಲಿ ಆಡಿದ ಆಟಿಕೆಯಾದರೆ ಉಪ್ಪು ಅಂಟಿರುತ್ತದೆ, ಮತ್ತು ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ಹಚ್ಚಿದ ಬಣ್ಣ ಗುಳ್ಳೆ ಏಳುತ್ತದೆ. ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಸಿಹಿ ನೀರಿನಲ್ಲಿ ಎರಡು ಸಲ ತೊಳೆಯಿರಿ.

ಒಣಗಿದ ಮೇಲೆ ಅಂಟು, ಬಣ್ಣ ಬೀಳುವ ಜಾಗವನ್ನೆಲ್ಲ 220 ನಂಬರಿನಿಂದ, ಆಮೇಲೆ 400ರಿಂದ ಉಜ್ಜಿ. ಹೊಳಪು ಹೋಗಿ ಮಂಕಾದರೆ ಸಾಕು. ನೀರು ಹಾಕಿಯೇ ಉಜ್ಜಿದರೆ ಪ್ಲಾಸ್ಟಿಕ್ ಪುಡಿ ಮೂಗಿಗೆ ಹೋಗುವುದಿಲ್ಲ. ಆಗ ನೀರು ತಡೆಯುವ ಪಾಲಿಶ್ ಪೇಪರ್ ಅಂತ ಕೇಳಿ ತನ್ನಿ.

ಉಗುರು ಬಣ್ಣ ತೆಗೆಯುವ ದ್ರಾವಣದಲ್ಲೋ ಥಿನ್ನರಿನಲ್ಲೋ ಒರೆಸಲು ಹೋಗಬೇಡಿ. ಎಬಿಎಸ್, ಪಾಲಿಸ್ಟೈರಿನ್ ಎರಡನ್ನೂ ಅವು ಕರಗಿಸುತ್ತವೆ.

3. ಕಾರ್ಡಿನಿಂದ ಕ್ಯಾಬಿನ್

ಎಟಿಎಂ ಕಾರ್ಡು ಹೆಚ್ಚಾಗಿ ಪಿವಿಸಿ. ಕತ್ತರಿಯಿಂದ ಕತ್ತರಿಸಲು ಬರುತ್ತದೆ, ಅಂಟು ಹಿಡಿಯುತ್ತದೆ, ನೀರಿಗೆ ಹೆದರುವುದಿಲ್ಲ. ಸಣ್ಣ ಆಟಿಕೆ ಕೆಲಸಕ್ಕೆ ಇಷ್ಟು ಒಳ್ಳೆಯ ಹಾಳೆ ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಮೊದಲು ಚಿಪ್ಪನ್ನೂ ಹಿಂದಿನ ಕಪ್ಪು ಪಟ್ಟಿಯನ್ನೂ ಅಡ್ಡ ಕತ್ತರಿಸಿ. ನಂಬರ್ ಇರುವ ಭಾಗವನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಅಳಿಸಿ. ಕಾರ್ಡು ಹಳೆಯದಾದರೂ ಮಾಹಿತಿ ನಿಮ್ಮದೇ.

ಕಾರ್ಡಿನ ಅಳತೆ ಸುಮಾರು 8.5 ಸೆಂ.ಮೀ. ಉದ್ದ, 5.4 ಸೆಂ.ಮೀ. ಅಗಲ. ಉದ್ದದ ನಡುವೆ ಕತ್ತರಿಸಿದರೆ 5.4 ಸೆಂ.ಮೀ. ಅಗಲ, ಸುಮಾರು 4.2 ಸೆಂ.ಮೀ. ಎತ್ತರದ ಎರಡು ಗೋಡೆ. ಎರಡು ಕಾರ್ಡಿಗೆ ನಾಲ್ಕು ಗೋಡೆ ಆಯಿತು. ಮೂರನೆಯ ಕಾರ್ಡು ಹಾಗೆಯೇ ಚಾವಣಿ, ಹಿಂದೆ ಮುಂದೆ ಸ್ವಲ್ಪ ಚಾಚಿಕೊಂಡಿರುತ್ತದೆ. ಕಿಟಕಿ ಕೊರೆಯುವುದು ಕಷ್ಟ, ಕಪ್ಪು ಬಣ್ಣದಲ್ಲಿ ಬರೆದರೆ ಸಾಕು. ಚಾವಣಿ ಬಾಗಿರಬೇಕಾದರೆ ಕಾರ್ಡನ್ನು ತುಂಬಾ ಬಿಸಿ ನೀರಿನಲ್ಲಿ ಒಂದು ನಿಮಿಷ ಇಕ್ಕಳದಲ್ಲಿ ಹಿಡಿದು, ಬಾಟಲಿಯ ಮೇಲೆ ಒತ್ತಿ, ತಣ್ಣಗಾಗುವವರೆಗೆ ಹಾಗೇ ಹಿಡಿಯಿರಿ. ಪಿವಿಸಿ ಸುಮಾರು 80 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಕತ್ತರಿಸಿದ ಅಂಚು, ಮೂಲೆ ಎಲ್ಲವನ್ನೂ ಉಜ್ಜಿ ದುಂಡಗೆ ಮಾಡಿ.

ನಿಜವಾದ ಬೋಟು ಹತ್ತಿರದಿಂದ ನೋಡಿ ಬಂದರೆ ಕೆಲಸ ಸಲೀಸು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಬೈತಖೋಲ, ತದಡಿಯಂಥ ಬಂದರುಗಳಲ್ಲಿ ಬೋಟುಗಳು ದಡಕ್ಕೆ ಬಂದು ನಿಂತಿರುತ್ತವೆ. ಮಗುವನ್ನು ಕರೆದುಕೊಂಡು ಹೋಗಿ. ಕ್ಯಾಬಿನ್ ಎಲ್ಲಿದೆ, ಬಲೆ ಎಲ್ಲಿ ರಾಶಿ ಹಾಕಿದ್ದಾರೆ, ಬದಿಗೆ ಟಯರ್ ಯಾಕೆ ಕಟ್ಟಿದ್ದಾರೆ ಅಂತ ಮಗುವೇ ಚಿತ್ರ ಬರೆದುಕೊಳ್ಳಲಿ. ಆ ಚಿತ್ರವೇ ನಿಮ್ಮ ನಕಾಶೆ.

4. ಅಂಟಿಸುವ ಮೊದಲು ಬಕೆಟ್ ಪರೀಕ್ಷೆ

ಗೋಡೆ, ಚಾವಣಿಗಳನ್ನು ಮೊದಲು ಟೇಪಿನಿಂದ ಜೋಡಿಸಿ ಬೋಟಿನ ಮೇಲೆ ಕೂರಿಸಿ. ಬಕೆಟ್ ನೀರಿನಲ್ಲಿ ಬಿಡಿ. ಬೆರಳಿನಿಂದ ಒಂದು ಬದಿಗೆ ವಾಲಿಸಿ ಬಿಟ್ಟಾಗ ಬೋಟು ತಾನೇ ಎದ್ದು ನಿಲ್ಲಬೇಕು. ಮಗುಚಿಕೊಂಡರೆ ಮೇಲ್ಭಾರ ಜಾಸ್ತಿ ಆಗಿದೆ. ಕ್ಯಾಬಿನ್ ಗಿಡ್ಡ ಮಾಡಿ, ಇಲ್ಲವೇ ತಳಕ್ಕೆ ಭಾರ ಕೊಡಿ.

ತಳದ ಭಾರಕ್ಕೆ ದಯವಿಟ್ಟು ಬಲೆಯ ಸೀಸದ ಗುಂಡು ಬಳಸಬೇಡಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಅದು ಕೈಗೆ ಸಿಗುವಂತೆ ಇರುತ್ತದೆ, ಅಳತೆಯೂ ಸರಿ ಅನಿಸುತ್ತದೆ. ಆದರೆ ಸೀಸ ಆಟಿಕೆಯಲ್ಲಿ ಇರಲೇಬಾರದ ವಸ್ತು. ಅದರ ಬದಲು ಹೊಳೆಯ ಸಣ್ಣ ಕಲ್ಲು, ಸ್ಟೇನ್‌ಲೆಸ್ ನಟ್ಟು ಹಾಕಿ. ಬೋಟಿನ ತಳದ ಹೊರಗೆ, ನಡುವಿನ ಉದ್ದಕ್ಕೆ ಎಂ-ಸೀಲ್ ಪಟ್ಟಿ ಹಾಕಿ ಅದರೊಳಗೆ ನಟ್ಟುಗಳನ್ನು ಪೂರ್ತಿ ಹುದುಗಿಸಿದರೆ ಭಾರವೂ ಆಯಿತು, ಬೋಟು ನೇರ ಸಾಗುವುದೂ ಆಯಿತು. ಸದ್ಯಕ್ಕೆ ಟೇಪಿನಲ್ಲಿ ತಾತ್ಕಾಲಿಕವಾಗಿ ಕಟ್ಟಿ ಎಷ್ಟು ಭಾರ ಬೇಕು ಅಂತ ನೋಡಿಕೊಳ್ಳಿ.

5. ಯಾವ ಅಂಟು ಎಲ್ಲಿಗೆ?

ಮೂರು ಅಂಟುಗಳು ಗಟ್ಟಿಯಾಗುವ ರೀತಿ ಬೇರೆ ಬೇರೆ. ಇದು ಗೊತ್ತಾದರೆ ನಮ್ಮ ಮಳೆಗಾಲದಲ್ಲೂ ಕೆಲಸ ಮಾಡಬಹುದು.

ಬಿಳಿ ಫೆವಿಕಾಲ್ ಒಳಗಿನ ನೀರು ಆವಿಯಾಗಿ ಹೋದಾಗ ಗಟ್ಟಿಯಾಗುತ್ತದೆ. ಗಾಳಿಯಲ್ಲೇ ನೀರು ತುಂಬಿರುವಾಗ ಅದು ಹೋಗುವುದೆಲ್ಲಿಗೆ? ಒಳಗೆ ಹಸಿ ಉಳಿಯುತ್ತದೆ, ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ಕಿಗಂತೂ ಅದು ಸಲ್ಲದು. ಸಾಮಾನ್ಯ ಫೆವಿಕಾಲ್ ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಕಾಗದ, ರಟ್ಟು, ಮರಕ್ಕೆ ಅದು ಇರಲಿ.

ಫೆವಿಕ್ವಿಕ್ ಇದಕ್ಕೆ ಪೂರ್ತಿ ಉಲ್ಟಾ. ಗಾಳಿಯ ತೇವದಿಂದಲೇ ಅದು ಗಟ್ಟಿಯಾಗುತ್ತದೆ. ಹಾಗಾಗಿ ಜೂನ್ ಜುಲೈಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಹಿಡಿಯುತ್ತದೆ, ತಿದ್ದಲು ಸಮಯ ಕೊಡುವುದಿಲ್ಲ. ಜೋಡಣೆಯ ಸುತ್ತ ಬೆಳ್ಳಗೆ ಮಸುಕು ಬರುವುದೂ ತೇವ ಜಾಸ್ತಿ ಇದ್ದಾಗಲೇ. ಅಂಟು ಕಡಿಮೆ ಹಾಕಿದಷ್ಟೂ ಈ ಮಸುಕು ಕಡಿಮೆ. ಒಂದು ಹನಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಸವರಿ. ಟ್ಯೂಬನ್ನೇ ಒತ್ತಬೇಡಿ. ತೆರೆದ ಟ್ಯೂಬನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಬ್ಯಾಗು ಚಪ್ಪಲಿಗಳ ಜೊತೆ ಬರುವ ತೇವ ಹೀರುವ ಪೊಟ್ಟಣದೊಂದಿಗೆ ಇಟ್ಟರೆ ಇನ್ನಷ್ಟು ದಿನ ಬರುತ್ತದೆ.

ಫೆವಿಕ್ವಿಕ್ಕನ್ನು ಹತ್ತಿ ಬಟ್ಟೆಯ ಮೇಲೆ ಎಂದಿಗೂ ಸುರಿಯಬೇಡಿ. ಹತ್ತಿಗೆ ತಾಗಿದ ಕೂಡಲೇ ಅದು ಜೋರಾಗಿ ಬಿಸಿಯಾಗುತ್ತದೆ, ಚರ್ಮ ಸುಡುವಷ್ಟು. ಹತ್ತಿ ಬಟ್ಟೆ ಸುತ್ತಿಕೊಂಡ ಬೆರಳು, ತೊಡೆಯ ಮೇಲಿನ ಲುಂಗಿ, ನೈಟಿ ಎಲ್ಲದಕ್ಕೂ ಈ ಮಾತು ಸೇರುತ್ತದೆ. ಥರ್ಮಾಕೋಲಿನ ಮೇಲೆ ಹಾಕಿದರೆ ಥರ್ಮಾಕೋಲೇ ಕರಗುತ್ತದೆ. ಬೆರಳು ಬೆರಳು ಅಂಟಿಕೊಂಡರೆ ಎಳೆಯಬೇಡಿ, ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ ನಿಧಾನ ಬಿಡಿಸಿ. ಕಣ್ಣಿಗೆ ಸಿಡಿದರೆ ಉಜ್ಜದೆ, ನೀರು ಹಾಯಿಸುತ್ತ ನೇರ ಆಸ್ಪತ್ರೆಗೆ ಹೋಗಿ.

ಎಂ-ಸೀಲ್ ಎರಡು ಉಂಡೆಗಳ ರಾಸಾಯನಿಕ ಕೂಡಿ ಗಟ್ಟಿಯಾಗುವಂಥದ್ದು. ಅದಕ್ಕೆ ಮಳೆ ಲೆಕ್ಕಕ್ಕಿಲ್ಲ. ಕರಾವಳಿಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ಎರಡನ್ನೂ ಸಮ ತೆಗೆದುಕೊಂಡು, ಒಂದೇ ಬಣ್ಣ ಬರುವವರೆಗೆ ನಾದಿ. ನಡುವೆ ಗೆರೆ ಕಂಡರೆ ಇನ್ನೂ ಬೆರೆತಿಲ್ಲ ಅಂತ ಅರ್ಥ, ಆ ಜಾಗ ಎಂದೂ ಗಟ್ಟಿಯಾಗುವುದಿಲ್ಲ. ಕೈಗವಸು ಹಾಕಿಕೊಂಡು ದೊಡ್ಡವರೇ ನಾದಬೇಕು, ಹಸಿ ಇರುವಾಗ ಚರ್ಮಕ್ಕೆ ಆಗುವುದಿಲ್ಲ.

ಈಗ ಬೋಟಿಗೆ ಬನ್ನಿ. ಗೋಡೆಗಳನ್ನು ಒಂದಕ್ಕೊಂದು ಫೆವಿಕ್ವಿಕ್ಕಿನಿಂದ ಹಿಡಿಸಿ. ಒಳಮೂಲೆಗಳಿಗೆ ಎಂ-ಸೀಲಿನ ತೆಳು ಎಳೆ ಒತ್ತಿ. ಕ್ಯಾಬಿನ್ನನ್ನು ಬೋಟಿನ ಮೇಲೆ ಇಟ್ಟು ಒಳಗಿನಿಂದ ಸುತ್ತಲೂ ಎಂ-ಸೀಲ್ ಹಾಕಿ. ಚಾವಣಿ ಕೊನೆಗೆ. ಅದನ್ನು ಮೊದಲೇ ಮುಚ್ಚಿದರೆ ಒಳಗೆ ಕೈ ಹೋಗುವುದಿಲ್ಲ. ತಳದ ಭಾರವನ್ನೂ ಈಗಲೇ ಎಂ-ಸೀಲಿನಲ್ಲಿ ಹುದುಗಿಸಿ, ಒಂದು ದಿನ ಪೂರ್ತಿ ಮುಟ್ಟದೆ ಬಿಡಿ.

6. ಬಣ್ಣ

ಮೊದಲು ಪ್ರೈಮರ್ ಒಂದು ತೆಳು ಕೋಟು. ಪ್ರೈಮರ್ ಅಂದರೆ ಪ್ಲಾಸ್ಟಿಕ್ಕಿಗೂ ಬಣ್ಣಕ್ಕೂ ನಡುವೆ ಹಿಡಿತ ಕೊಡುವ ಪದರ. ಆಮೇಲೆ ಅಕ್ರಿಲಿಕ್ ಎರಡು ಮೂರು ತೆಳು ಕೋಟು. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಒಣಗಿದ ಹಾಗೆ ಕಂಡು ಒಳಗೆ ಹಸಿ ಉಳಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೋಟು ಕೋಟಿನ ನಡುವೆ ಒಂದು ಗಂಟೆ ಸಾಕು. ಮಳೆಗಾಲದಲ್ಲಿ ದಿನಕ್ಕೆ ಒಂದೇ ಕೋಟು. ಜಗಲಿಯಲ್ಲಿ ಒಣಗಲು ಇಡಬೇಡಿ, ಬಾಗಿಲು ಹಾಕಿದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಇಡಿ. ಬೇಗ ಒಣಗಲಿ ಅಂತ ಬಚ್ಚಲು ಒಲೆಯ ಹತ್ತಿರ ಇಡುವವರಿದ್ದಾರೆ. ಕಾರ್ಡಿನ ಗೋಡೆ ಸೊಟ್ಟಗಾಗುತ್ತದೆ, ಮಸಿಯೂ ಕೂರುತ್ತದೆ. ಸ್ಪ್ರೇ ಬಣ್ಣ ಮಳೆಗಾಲದಲ್ಲಿ ಬೇಡ, ಮೇಲೆ ಬಿಳಿ ಮಂಜು ಕವಿದ ಹಾಗೆ ಆಗಿ ಹೊಳಪು ಹೋಗುತ್ತದೆ.

ಯಾವ ಬಣ್ಣ ಅನ್ನುವುದನ್ನು ಮಗುವಿಗೆ ಬಿಡಿ. ನಮ್ಮ ಬೋಟುಗಳ ಬಣ್ಣ ಕಣ್ಣಿಗೆ ರಾಚುವಂಥದ್ದೇ, ಅದರಲ್ಲಿ ಸಂಕೋಚ ಬೇಡ. ಮುಂಭಾಗದಲ್ಲಿ ಬೋಟಿನ ಹೆಸರು ಬರೆಯಲು ಮರೆಯಬೇಡಿ. ಸಿಡಿ ಮಾರ್ಕರ್ ಸಾಕಾಗುತ್ತದೆ. ಆದರೆ ವಾರ್ನಿಶ್ ಹಚ್ಚುವಾಗ ಅಕ್ಷರ ಹರಡಬಹುದು, ಹಾಗಾಗಿ ಬೇರೆ ಕಾರ್ಡಿನ ಚೂರಿನ ಮೇಲೆ ಒಮ್ಮೆ ಪರೀಕ್ಷೆ ಮಾಡಿ ನೋಡಿ. ಕೊನೆಗೆ ವಾರ್ನಿಶ್ ಎರಡು ಕೋಟು. ವಾರ್ನಿಶ್ ಆದ ಮೇಲೆ ಒಂದು ವಾರ ನೀರಿಗೆ ಇಳಿಸಬೇಡಿ. ಮಕ್ಕಳಿಗೆ ಇದೇ ಅತಿ ಕಷ್ಟದ ಹಂತ. ದಿನ ಗುರುತು ಹಾಕಲು ಕ್ಯಾಲೆಂಡರ್ ಕೈಗೆ ಕೊಡಿ.

7. ಬಲೆ, ಟಯರ್, ಬಾವುಟ

ಬೋಟಿಗೆ ಜೀವ ಬರುವುದು ಇಲ್ಲಿ. ರಬ್ಬರ್ ವಾಷರ್‌ಗಳೇ ಟಯರ್. ಅಂಟಿಸಬೇಡಿ, ಗಟ್ಟಿ ನೂಲಿನಲ್ಲಿ ಕಟ್ಟಿ ಬದಿಗೆ ನೇತು ಹಾಕಿ. ನಿಜವಾದ ಬೋಟಿನಲ್ಲೂ ಹಾಗೇ ಅಲ್ವಾ? ಪ್ರತಿಯೊಂದಕ್ಕೂ ಬೇರೆ ಬೇರೆ ಗಂಟು ಹಾಕಿ. ಒಂದು ಕಿತ್ತರೆ ಎಲ್ಲ ಉದುರಬಾರದು.

ಬೆಳ್ಳುಳ್ಳಿ ಚೀಲವನ್ನು ಬಿಡಿಸಿ, ಅಂಚನ್ನು ನೂಲಿನಿಂದ ಹೊಲಿದರೆ ಬಲೆ. ಭಾನುವಾರದ ಕಾರವಾರ ಸಂತೆಯಲ್ಲಿ ಕೇಳಿದರೆ ಬೆಳ್ಳುಳ್ಳಿ, ಈರುಳ್ಳಿ ಮಾರುವವರ ಬಳಿ ಬಣ್ಣಬಣ್ಣದ್ದು ಸಿಗುತ್ತದೆ. ನಿಜವಾದ ಬಲೆಯ ತುಂಡು ಬೇಡ. ಅದರ ನೈಲಾನ್ ಎಳೆ ತೆಳ್ಳಗೆ, ಬಲು ಗಟ್ಟಿ, ಬೆರಳಿಗೆ ಸುತ್ತಿಕೊಂಡರೆ ಕೊಯ್ಯುತ್ತದೆ. ಬೋಟಿನಿಂದ ಇಳಿಬಿಟ್ಟ ದಾರ, ಬಲೆ ಯಾವುದೂ 20 ಸೆಂ.ಮೀ.ಗಿಂತ ಉದ್ದ ಇರದಿರಲಿ. ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ ಉದ್ದ ದಾರದಲ್ಲಿ ಇದೆ.

ಕಂಬಕ್ಕೆ ಖಾಲಿ ರಿಫಿಲ್ ಚೆನ್ನಾಗಿ ಕಾಣುತ್ತದೆ, ಆದರೆ ಅದು ಅಂಟು ಹಿಡಿಯದ ಪ್ಲಾಸ್ಟಿಕ್. ಹಿಡಿಕಡ್ಡಿಯೇ ಒಳ್ಳೆಯದು. ಒಂದು ಕಡ್ಡಿಯನ್ನು 8 ಸೆಂ.ಮೀ.ಗೆ ಕತ್ತರಿಸಿ, ಬುಡವನ್ನು ಎಂ-ಸೀಲಿನಲ್ಲಿ ಊರಿ, ತುದಿಗೆ ಬಟಾಣಿ ಗಾತ್ರದ ಎಂ-ಸೀಲ್ ಉಂಡೆ ಹಾಕಿ. ಮೊನೆ ಹಾಗೇ ಬಿಟ್ಟರೆ ಕಣ್ಣಿಗೆ ಚುಚ್ಚುತ್ತದೆ. ಕೊಡೆಯ ಬಟ್ಟೆಯಿಂದ ಬಾವುಟ, ಬಲೆಯ ಮೇಲೆ ಹೊದಿಸುವ ತಾಡಪಾಲು ಎರಡೂ ಆಗುತ್ತವೆ. ಹೊಲಿದು ಕಟ್ಟಿ, ಅಂಟು ಬೇಡ.

8. ಎಳೆದು ನೋಡಿ

ಮಗುವಿನ ಕೈಗೆ ಕೊಡುವ ಮೊದಲು ಪ್ರತಿ ತುಂಡನ್ನೂ ಹಿಡಿದು ಜೋರಾಗಿ ಎಳೆಯಿರಿ, ತಿರುಚಿ. ಸೊಂಟದೆತ್ತರದಿಂದ ನೆಲಕ್ಕೆ ಬೀಳಿಸಿ. ಬಿಟ್ಟ ತುಂಡನ್ನು ಅಲ್ಲಿಗೇ ಮತ್ತೆ ಅಂಟಿಸಬೇಡಿ. ಹಳೇ ಅಂಟನ್ನು ಕೆರೆದು, ಉಜ್ಜಿ, ಆಮೇಲೆ ಅಂಟಿಸಿ. ಎರಡನೇ ಸಲವೂ ಬಿಟ್ಟರೆ ಆ ತುಂಡು ಬೇಡವೆಂದೇ ಬಿಡಿ.

ಗೊಂಬೆಗೆ ಯಕ್ಷಗಾನದ ವೇಷ

ಹೊನ್ನಾವರ, ಕುಮಟಾ, ಸಿದ್ದಾಪುರ, ಶಿರಸಿ ಕಡೆಯ ಓದುಗರು ಇದನ್ನು ಕೇಳುತ್ತಲೇ ಇರುತ್ತಾರೆ. ಕೆಲಸ ಹೆಚ್ಚಾಗಿ ಹೊಲಿಗೆಯದು, ಹಾಗಾಗಿ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು.

ಕಿರೀಟಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯದು ಇಲ್ಲ. ಹಾಳೆಯನ್ನು ನೀರಿನಲ್ಲಿ ಮೆತ್ತಗಾಗುವವರೆಗೆ ನೆನೆಸಿ. ಗೊಂಬೆಯ ತಲೆಯಷ್ಟೇ ಅಗಲದ ಡಬ್ಬಿಗೆ ಸುತ್ತಿ, ನೂಲಿನಿಂದ ಬಿಗಿದು ಒಣಗಿಸಿ. ಒಣಗಿದ ಮೇಲೆ ಅದೇ ಆಕಾರ ಉಳಿಯುತ್ತದೆ. ಒಳಗೂ ಹೊರಗೂ ವಾರ್ನಿಶ್ ಹಚ್ಚಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಸ್ಟು ಖಂಡಿತ. ಹಳೇ ಸೀರೆಯ ಜರಿ ಅಂಚು ಕಿರೀಟಕ್ಕೆ, ಭುಜಕೀರ್ತಿಗೆ, ಡಾಬಿಗೆ, ಅಂದರೆ ಸೊಂಟಪಟ್ಟಿಗೆ, ಮೂರಕ್ಕೂ ಆಗುತ್ತದೆ. ಭುಜಕೀರ್ತಿ, ಎದೆಕಟ್ಟುಗಳಿಗೆ ಒಳಗೆ ರಟ್ಟು ಕೊಟ್ಟು ಬಟ್ಟೆ ಹೊದಿಸಿ ಹೊಲಿಯಿರಿ. ಕಸೆ ಸೀರೆಗೆ, ಅಂದರೆ ವೇಷದಲ್ಲಿ ಸೊಂಟದ ಕೆಳಗೆ ಉಡುವ ಸೀರೆಗೆ, ಚೌಕುಳಿಯ ಹಳೇ ಬಟ್ಟೆ, ಟವೆಲ್ ನೋಡಿ. ಚೌಕುಳಿ ಸಣ್ಣದಿರಬೇಕು, ದೊಡ್ಡದಾದರೆ ಗೊಂಬೆಯ ಮೈಗೆ ಒಂದೇ ಚೌಕ ಬಂದು ಕೂರುತ್ತದೆ. ಗೆಜ್ಜೆಗೆ ಹಳೇ ಕಾಲ್ಗೆಜ್ಜೆಯ ಗುಂಡು ಹಾಕುವುದಾದರೆ ದೊಡ್ಡ ಮಕ್ಕಳ ಗೊಂಬೆಗೆ ಮಾತ್ರ.

ಮೆತ್ತನೆಯ ವಿನೈಲ್ ಗೊಂಬೆಯ ಮುಖಕ್ಕೆ ಎನಾಮಲ್ ಬಣ್ಣ ಹಚ್ಚಲೇಬೇಡಿ. ಗೊಂಬೆಯನ್ನು ಮೆತ್ತಗೆ ಇಡುವ ಎಣ್ಣೆಯಂಥ ವಸ್ತು ಪ್ಲಾಸ್ಟಿಕ್ಕಿನಿಂದ ಬಣ್ಣದೊಳಗೆ ಇಳಿದು, ಆ ಬಣ್ಣ ವರ್ಷವಾದರೂ ಅಂಟಂಟಾಗಿಯೇ ಇರುತ್ತದೆ. ಅಕ್ರಿಲಿಕ್ಕಿನಿಂದ ಹಣೆಯ ನಾಮ, ಕಣ್ಣಿನ ಕಪ್ಪು, ಮೀಸೆ ತಿದ್ದಿದರೆ ಸಾಕು.

ಚನ್ನಪಟ್ಟಣದ ಮರದ ಗೊಂಬೆ ಇದ್ದರೆ ಇನ್ನೊಂದು ಎಚ್ಚರ. ಅದರ ಬಣ್ಣ ಅರಗಿನದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಒರೆಸಿದರೆ ಹೊಳಪು ಕೈಗೇ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಮೇಲೆ ಬಣ್ಣ ಹಚ್ಚದೆ ಬಟ್ಟೆಯ ವೇಷ ಮಾತ್ರ ತೊಡಿಸಿ.

ಆಮೇಲಿನ ಆರೈಕೆ

ಬೋಟನ್ನು ಸಮುದ್ರದ ನೀರಿನಲ್ಲಿ ಆಡಿಸಿದ ದಿನವೇ ಸಿಹಿ ನೀರಿನಲ್ಲಿ ತೊಳೆಯಿರಿ. ಮಗುಚಿಟ್ಟು ಒಳಗಿನ ನೀರು ಬಸಿಯಿರಿ. ಬಲೆ, ತಾಡಪಾಲು ಬಿಚ್ಚಿ ಬೇರೆ ಒಣಗಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ಕಾರಿನ ಒಳಗೆ ಬಿಡಬೇಡಿ, ಕಾರ್ಡಿನ ಚಾವಣಿ ಬಾಗುತ್ತದೆ. ತಿಂಗಳಿಗೊಮ್ಮೆ ಎಂಟನೇ ಹಂತದ ಎಳೆತ ಪರೀಕ್ಷೆ ಮಾಡಿ. ರಬ್ಬರ್ ವಾಷರ್ ಬಿರುಕು ಬಿಟ್ಟಿದ್ದರೆ ತೆಗೆದು ಬೇರೆ ಕಟ್ಟಿ. ಬಣ್ಣ ಚಕ್ಕೆ ಎದ್ದ ಕಡೆ ಅಂಚನ್ನು 400 ನಂಬರಿನಿಂದ ನಯ ಮಾಡಿ, ಪ್ರೈಮರಿನಿಂದ ಮತ್ತೆ ಶುರು ಮಾಡಿ. ಚಕ್ಕೆಯ ಮೇಲೆ ಸುಮ್ನೆ ಬಣ್ಣ ಬಳಿದರೆ ಅದೂ ಜೊತೆಗೇ ಏಳುತ್ತದೆ.